ಏರಿನಲ್ಲಿ ಏದುಸಿರು

ರಾಯಚೂರಿನಿಂದ ಮಾನ್ವಿಗೆ ಹೋಗಿ, ಅಲ್ಲಿಂದ ದೇವದುರ್ಗದ ಕಡೆ ಹೊರಳಿ, ಮತ್ತೆ ರಾಯಚೂರಿಗೆ ಮರಳುವ ವಾಹನಕ್ಕೆ ಹೇಳಿಕೊಳ್ಳುವಂತಹ ಏರು ಎದುರಾಗುವುದಿಲ್ಲ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ದೋಆಬ್ ಪ್ರದೇಶ ಬಹುಮಟ್ಟಿಗೆ ಬಯಲು ನಾಡು. ಅಲ್ಲಲ್ಲಿ ಕಲ್ಲುಗುಡ್ಡಗಳಿದ್ದರೂ ರಸ್ತೆಗಳು ಹೆಚ್ಚಾಗಿ ಅವನ್ನು ಬಳಸಿಕೊಂಡೇ ಸಾಗುತ್ತವೆ. ಈ ರಸ್ತೆಗಳಲ್ಲಿ ವರ್ಷಗಟ್ಟಲೆ ದೂರಿಲ್ಲದೆ ಓಡಿದ ಕಾರು ಒಂದು ದಿನ ಮನೆಮಂದಿಯನ್ನೆಲ್ಲ ಹೊತ್ತು ಶ್ರೀಶೈಲಕ್ಕೋ, ತಿರುಪತಿಗೋ, ಧರ್ಮಸ್ಥಳಕ್ಕೋ ಹೊರಡುತ್ತದೆ. ಘಾಟ್ ರಸ್ತೆಯ ಒಂದೆರಡು ತಿರುವು ದಾಟುವುದರೊಳಗೆ ಅದರ ದಮ್ಮು ಕಟ್ಟುತ್ತದೆ. ಆ್ಯಕ್ಸಿಲರೇಟರನ್ನು ಪೂರ್ತಿ ತುಳಿದರೂ ವೇಗ ಏರುವುದಿಲ್ಲ. ಹಿಂದೆ ಲಾರಿಗಳ ಸಾಲು, ಪಕ್ಕದಲ್ಲಿ ಪ್ರಪಾತ. ಊರಿಗೆ ಮರಳಿದ ಮೇಲೆ ಮಾಲೀಕರು ಗ್ಯಾರೇಜಿನಲ್ಲಿ ಹೇಳುವ ಮಾತು ಒಂದೇ: ‘ಗಾಡಿಗೆ ಪಿಕಪ್ ಇಲ್ಲ.’

ಮೆಕ್ಯಾನಿಕ್ ಅದೇ ಗಾಡಿಯನ್ನು ಊರಿನ ರಸ್ತೆಯಲ್ಲಿ ಓಡಿಸಿ ನೋಡುತ್ತಾನೆ. ಯಾವ ದೋಷವೂ ಕಾಣುವುದಿಲ್ಲ. ಹಾಗಾದರೆ ದೋಷ ಇರುವುದು ಬೆಟ್ಟದಲ್ಲಿಯೋ, ಎಂಜಿನ್ನಿನಲ್ಲಿಯೋ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಅದು ಯಂತ್ರಗಳ ಚರಿತ್ರೆಯೊಳಗೆ ನಮ್ಮನ್ನು ಕರೆದೊಯ್ಯುತ್ತದೆ. ಏರು ಯಾವ ದೋಷವನ್ನೂ ಹುಟ್ಟಿಸುವುದಿಲ್ಲ. ಬಯಲಿನಲ್ಲಿ ಅಡಗಿ ಕುಳಿತದ್ದನ್ನು ಹೊರಗೆಡಹುತ್ತದೆ. ಮೋಟಾರು ವಾಹನದ ಅನೇಕ ಸುಧಾರಣೆಗಳು ಬಂದದ್ದೂ ಅದು ಏರಿನಲ್ಲಿ ಸೋತುನಿಂತಾಗಲೇ.

ಕೋಟೆಯ ಕಲ್ಲು ಹೇಳುವ ಕತೆ

ಭಾರ ಎಳೆಯುವ ಸಮಸ್ಯೆ ರಾಯಚೂರಿಗೆ ಹೊಸದಲ್ಲ. ಕ್ರಿ.ಶ. 1294ರಲ್ಲಿ ಕಾಕತೀಯರ ರಾಣಿ ರುದ್ರಮ್ಮದೇವಿಯ ಅಧಿಕಾರಿ ಗೋರೆ ಗನ್ನಯರೆಡ್ಡಿಯ ಆಜ್ಞೆಯಂತೆ ರಾಯಚೂರಿನ ಕೋಟೆ ಕಟ್ಟಲಾಯಿತೆಂದು ಅಲ್ಲಿನ ಶಾಸನ ತಿಳಿಸುತ್ತದೆ. ಆ ಶಾಸನವಿರುವ ಒಂದೇ ಕಲ್ಲಿನ ಉದ್ದ 41 ಅಡಿಗೂ ಹೆಚ್ಚು. ಅಷ್ಟು ದೊಡ್ಡ ಕಲ್ಲನ್ನು ಗೋಡೆಯವರೆಗೆ ತಂದದ್ದು ಹೇಗೆ? ಅದಕ್ಕೂ ಉತ್ತರ ಗೋಡೆಯ ಮೇಲೆಯೇ ಇದೆ. ಗಟ್ಟಿ ಗಾಲಿಗಳ ಮರದ ಬಂಡಿಯ ಮೇಲೆ ಕಲ್ಲು, ಮುಂದೆ ಅದನ್ನು ಎಳೆಯುವ ಕೋಣಗಳ ಉದ್ದನೆಯ ಸಾಲು, ಅವನ್ನು ಹುರಿದುಂಬಿಸುವ ಬಂಡಿಕಾರರು, ಹಿಂದಿನಿಂದ ಸನ್ನೆಗೋಲು ಹಾಕಿ ಗಾಲಿಗಳನ್ನು ಮುಂದೂಡುವ ಆಳುಗಳು, ಇವೆಲ್ಲವನ್ನೂ ರೇಖೆಗಳಲ್ಲಿ ಕೊರೆದಿದ್ದಾರೆ.

ಆ ಚಿತ್ರದಲ್ಲಿ ನಮಗೆ ಬೇಕಾದ ಪಾಠವೊಂದಿದೆ. ಭಾರ ಹೆಚ್ಚಾದಾಗ ಅಂದಿನವರಿಗೆ ಇದ್ದದ್ದು ಎರಡೇ ದಾರಿ. ಎಳೆಯುವ ಪ್ರಾಣಿಗಳನ್ನು ಹೆಚ್ಚಿಸುವುದು ಒಂದು. ಸನ್ನೆಗೋಲಿನಿಂದ ಇರುವ ಬಲವನ್ನೇ ಹಿಗ್ಗಿಸುವುದು ಇನ್ನೊಂದು. ಮುಂದೆ ಹಬೆ ಬಂದಾಗಲೂ, ಪೆಟ್ರೋಲ್ ಬಂದಾಗಲೂ ಮನುಷ್ಯ ಹಿಡಿದದ್ದು ಇವೇ ಎರಡು ದಾರಿಗಳನ್ನು.

1871ರಲ್ಲಿ ಮುಂಬಯಿಯ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ, ಮದ್ರಾಸಿನ ಕಡೆಯಿಂದ ಮದ್ರಾಸ್ ರೈಲ್ವೆಯ ಹಳಿಯೂ ಬಂದು ಕೂಡಿದ್ದು ರಾಯಚೂರಿನಲ್ಲಿ. ಮುಂಬಯಿಯಿಂದ ಹೊರಟ ಗಾಡಿ ರಾಯಚೂರು ಮುಟ್ಟಬೇಕಾದರೆ ಮೊದಲು ಸಹ್ಯಾದ್ರಿಯ ಭೋರ್ ಘಾಟ್ ಹತ್ತಬೇಕು. 1863ರಲ್ಲಿ ತೆರೆದ ಆ ಮಾರ್ಗದ ಕಡಿದಾದ ಭಾಗದಲ್ಲಿ ಪ್ರತಿ 37 ಅಡಿ ಸಾಗಿದರೆ 1 ಅಡಿ ಏರು. ರೈಲಿಗೆ ಇದು ದೊಡ್ಡ ಚಡಾವು. ಬಯಲಿನಲ್ಲಿ ಗಾಡಿಯನ್ನು ಲೀಲಾಜಾಲವಾಗಿ ಎಳೆದ ಎಂಜಿನ್ ಅಲ್ಲಿ ಸಾಲುವುದಿಲ್ಲ. ಆದ್ದರಿಂದ ಹಿಂದಿನಿಂದ ನೂಕಲು ಬೇರೆ ಎಂಜಿನ್‌ಗಳನ್ನು ಜೋಡಿಸುವ ಪದ್ಧತಿ ಬಂತು. ಇವಕ್ಕೆ ಬ್ಯಾಂಕರ್ ಎನ್ನುತ್ತಾರೆ. ಹಬೆ ಎಂಜಿನ್ ಹೋಗಿ ವಿದ್ಯುತ್ ಎಂಜಿನ್ ಬಂದ ಮೇಲೂ ಕರ್ಜತ್‌ನಿಂದ ಲೋಣಾವಳದವರೆಗೆ ಈ ನೂಕು ತಪ್ಪಲಿಲ್ಲ. ಕೋಟೆಯ ಚಿತ್ರದ ಕೋಣಗಳ ಸಾಲಿನ ಹಿಂದಿರುವ ವಿವೇಕವೇ ಇದು.

ರೈಲಿಗೆ ಇನ್ನೊಂದು ಎಂಜಿನ್ ಜೋಡಿಸಬಹುದು. ಒಂಟಿಯಾಗಿ ಹೋಗುವ ಕಾರಿಗೆ ಜೋಡಿಸುವುದು ಏನನ್ನು?

ಬರ್ಥಾ ಬೆಂಜ್ ಕಂಡುಕೊಂಡದ್ದು

ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೋಟಾರು ಬಂಡಿಗೆ ಪೇಟೆಂಟ್ ಪಡೆದ. ಆದರೆ ಅದನ್ನು ದೂರ ಓಡಿಸಿ ಲೋಕಕ್ಕೆ ತೋರಿಸಿದವಳು ಅವನ ಹೆಂಡತಿ ಬರ್ಥಾ. 1888ರ ಆಗಸ್ಟ್ ತಿಂಗಳಲ್ಲಿ ಗಂಡನಿಗೆ ಮೊದಲೇ ತಿಳಿಸದೆ, ಹದಿವಯಸ್ಸಿನ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಮ್ಯಾನ್‌ಹೈಮ್‌ನಿಂದ ಪ್ಫೋರ್ಝೈಮ್ ಊರಿಗೆ ಹೊರಟಳು. ದೂರ ಸುಮಾರು 100 ಕಿಲೋಮೀಟರ್. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಏರುಗಳು ಬಂದಾಗ ಮಾತ್ರ ಅವಳ ಜಾಣ್ಮೆಯೂ ಸಾಲಲಿಲ್ಲ. ಮಕ್ಕಳು ಇಳಿದು ಬಂಡಿಯನ್ನು ನೂಕಬೇಕಾಯಿತು.

ಮನೆಗೆ ಬಂದು ಅವಳು ಗಂಡನಿಗೆ ಹೇಳಿದ್ದು ‘ಎಂಜಿನ್ ದೊಡ್ಡದು ಮಾಡು’ ಎಂದಲ್ಲ. ಏರಿಗಾಗಿ ಇನ್ನೊಂದು ಗೇರ್ ಬೇಕು ಎಂದು. ಬೆಂಜ್ ಅದನ್ನು ಅಳವಡಿಸಿದ. ಗೇರ್ ಎಂದರೆ ತಿರುಗುವ ಸನ್ನೆಗೋಲು. ವೇಗವನ್ನು ಬಿಟ್ಟುಕೊಟ್ಟು ಎಳೆತವನ್ನು ಪಡೆಯುವ ಉಪಾಯ. ರಾಯಚೂರಿನ ಬಂಡಿಯ ಹಿಂದೆ ನಿಂತ ಆಳುಗಳ ಕೈಯಲ್ಲಿದ್ದದ್ದೇ ಇಲ್ಲಿ ಹಲ್ಲುಗಾಲಿಯ ರೂಪದಲ್ಲಿ ಬಂದಿದೆ. ಒಂದೇ ಪ್ರಯಾಣದಲ್ಲಿ ಏರಿನ ಎರಡು ಮುಖ್ಯ ತೊಂದರೆಗಳು, ಅಂದರೆ ಇಂಧನ ಬಾರದಿರುವುದು ಮತ್ತು ಎಳೆತ ಸಾಲದಿರುವುದು, ಬೇರೆ ಬೇರೆ ಎಂಬುದೂ ಆಗಲೇ ತಿಳಿದುಹೋಯಿತು.

ಬಯಲು ಮರೆಮಾಚುವ ಲೆಕ್ಕ

ಬಯಲಿನಲ್ಲಿ ಚೆನ್ನಾಗಿ ಓಡುವ ಕಾರು ಏರಿನಲ್ಲಿ ಏಕೆ ಸೋಲುತ್ತದೆ? ಸ್ವಲ್ಪ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಜನ, ಸಾಮಾನು ಎಲ್ಲ ಸೇರಿ 1,500 ಕಿಲೋ ತೂಗುವ ಕಾರೊಂದು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಸಾಗಲು ಬೇಕಾದದ್ದು ಸುಮಾರು 5 ಅಶ್ವಶಕ್ತಿ. ಅದೇ ಕಾರು ಅದೇ ವೇಗದಲ್ಲಿ 15 ಮೀಟರಿಗೆ 1 ಮೀಟರಿನಂತೆ ಏರುವ ರಸ್ತೆ ಹತ್ತಬೇಕಾದರೆ ಇನ್ನೂ 15 ಅಶ್ವಶಕ್ತಿ ಬೇಕು. ಅಂದರೆ ಒಟ್ಟು 20. ಬಯಲಿನ ನಾಲ್ಕು ಪಟ್ಟು.

ಈಗ ನಮ್ಮ ಹಳೆಯ ಅಂಬಾಸಿಡರನ್ನು ನೆನಪಿಸಿಕೊಳ್ಳಿ. ಅದರ 1,489 ಸಿ.ಸಿ. ಪೆಟ್ರೋಲ್ ಎಂಜಿನ್ ಹೊಸದಿದ್ದಾಗ ಸುಮಾರು 50 ಅಶ್ವಶಕ್ತಿ ಕೊಡುತ್ತಿತ್ತು. ಸವೆತ, ಕಸ, ಅಲಕ್ಷ್ಯಗಳಿಂದ ಅದರ ಮೂರನೆಯ ಎರಡು ಪಾಲು ಶಕ್ತಿ ಹೋಗಿ ಹದಿನಾರೋ ಹದಿನೇಳೋ ಉಳಿಯಿತು ಎನ್ನಿ. ಆಗಲೂ ಮಾನ್ವಿಯ ರಸ್ತೆಯಲ್ಲಿ ಅದಕ್ಕೆ ಬೇಕಾದದ್ದು 5 ಮಾತ್ರ. ಯಾರಿಗೂ ಅನುಮಾನ ಬರುವುದಿಲ್ಲ. ಏರು 20 ಕೇಳಿದಾಗ ಮಾತ್ರ ಬಂಡವಾಳ ಬಯಲಾಗುತ್ತದೆ. ಇಂಧನದ ಮಾತೂ ಹೀಗೆಯೇ. ಅರ್ಧ ಕಟ್ಟಿಕೊಂಡ ಫಿಲ್ಟರ್ ಬಯಲಿನ ಓಟಕ್ಕೆ ಸಾಕಾಗುವಷ್ಟು ಪೆಟ್ರೋಲನ್ನು ಬಿಡುತ್ತದೆ. ಏರಿನ ಮೂರು ನಾಲ್ಕು ಪಟ್ಟು ಬೇಡಿಕೆಯನ್ನು ಪೂರೈಸಲಾರದು.

ಎತ್ತರದ ಪಾಲೂ ಸ್ವಲ್ಪ ಇದೆ. ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರಿಗೆ ಸುಮಾರು ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ರಾಯಚೂರು ಇರುವುದೇ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲೆ. ತಿರುಮಲೆಯ ಎತ್ತರ ಸುಮಾರು 850 ಮೀಟರ್. ಈ ವ್ಯತ್ಯಾಸದಿಂದ ಆಗುವ ನಷ್ಟ ನೂರಕ್ಕೆ ಐದಕ್ಕಿಂತ ಹೆಚ್ಚಲ್ಲ. ‘ಮೇಲೆ ಗಾಳಿ ಕಡಿಮೆ, ಅದಕ್ಕೇ ಹೀಗೆ’ ಎಂಬ ಸಮಾಧಾನ ನಮ್ಮ ದಕ್ಷಿಣದ ಬೆಟ್ಟಗಳಿಗೆ ಅಷ್ಟಾಗಿ ಹೊಂದುವುದಿಲ್ಲ.

ಹಿಮ್ಮುಖವಾಗಿ ಹತ್ತಿದ ಕಾರು

ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ಅದು ಎಂಜಿನ್ ಸೇರದೆ ಕಾರು ನಿಲ್ಲುವ ಪ್ರಸಂಗಗಳು ಹಿಂದೆ ಬಹಳ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನಲ್ಲಿ ಟ್ಯಾಂಕು ಸೀಟಿನ ಕೆಳಗಿತ್ತು. ಪಂಪ್ ಇರಲಿಲ್ಲ, ಪೆಟ್ರೋಲ್ ತನ್ನ ಭಾರದಿಂದಲೇ ಮುಂದಿನ ಎಂಜಿನ್ನಿಗೆ ಹರಿದು ಬರಬೇಕು. ಕಡಿದಾದ ಏರಿನಲ್ಲಿ ಕಾರಿನ ಮೂತಿ ಮೇಲಾದಾಗ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದರೆ ಹರಿವು ನಿಂತುಹೋಗುತ್ತಿತ್ತು. ಆಗ ಚಾಲಕರು ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಬೆಟ್ಟ ಹತ್ತಿಸುತ್ತಿದ್ದರು! ನೋಡುವವರಿಗೆ ತಮಾಷೆ, ಆದರೆ ಕಾರಣ ತಿಳಿದವರಿಗೆ ಅದು ಸರಿಯಾದ ರೋಗನಿದಾನ.

ಮುಂದೆ ಎಂಜಿನ್ನಿನ ಹೀರುವ ಶಕ್ತಿಯಿಂದಲೇ ಪೆಟ್ರೋಲನ್ನು ಮೇಲೆತ್ತುವ ನಿರ್ವಾತ ಟ್ಯಾಂಕುಗಳು ಬಂದವು. ಇಲ್ಲಿಯೂ ಏರೇ ಪರೀಕ್ಷಕ. ಆ್ಯಕ್ಸಿಲರೇಟರನ್ನು ಪೂರ್ತಿ ತುಳಿದಾಗ ಈ ಹೀರುವಿಕೆ ಕುಗ್ಗುತ್ತದೆ. ಉದ್ದನೆಯ ಏರಿನಲ್ಲಿ, ಪೆಟ್ರೋಲ್ ಅತ್ಯಂತ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ, ಪೂರೈಕೆ ಬತ್ತುತ್ತಿತ್ತು. ಚಾಲಕ ಕ್ಷಣಕಾಲ ಕಾಲು ಸಡಿಲಿಸಿದರೆ ಟ್ಯಾಂಕು ಮತ್ತೆ ತುಂಬಿಕೊಳ್ಳುತ್ತಿತ್ತು. ಎಂಜಿನ್ನಿನ ತಿರುಗುವಿಕೆಯಿಂದಲೇ ನಡೆಯುವ, ಪೊರೆ ಹಾಕಿದ ಪಂಪುಗಳು 1920ರ ದಶಕದ ಕೊನೆಯಿಂದ ಪ್ರಚಾರಕ್ಕೆ ಬಂದ ಮೇಲೆ ಈ ಬಾಧೆ ತಪ್ಪಿತು.

ಬಸ್ಸು ನೂಕಿದ ಕಾಲ

ರಾಯಚೂರು, ಮಾನ್ವಿ, ದೇವದುರ್ಗಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನದ ರೈಲ್ವೆಯ ಅಂಗವಾಗಿ ರಸ್ತೆ ಸಾರಿಗೆ ಇಲಾಖೆ 1932ರಲ್ಲಿ 27 ಬಸ್ಸುಗಳೊಂದಿಗೆ ಆರಂಭವಾಯಿತು. ದಕ್ಷಿಣದಲ್ಲಿ ಬಸ್ಸು ಜನರಿಗೆ ರೂಢಿಯಾಗುತ್ತಿದ್ದಂತೆಯೇ ಎರಡನೆಯ ಮಹಾಯುದ್ಧ ಬಂತು. 1941ರಲ್ಲಿ ಭಾರತದಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಮರುವರ್ಷ ಬರ್ಮಾ ಜಪಾನೀಯರ ವಶವಾದ ಮೇಲೆ ಅಲ್ಲಿಯ ಎಣ್ಣೆಯೂ ನಿಂತಿತು. ಆಗ ದಕ್ಷಿಣ ಭಾರತದ ಬಸ್ಸುಗಳನ್ನು ಓಡಿಸಿದ್ದು ಇದ್ದಿಲು.

ಬಸ್ಸಿಗೆ ಉದ್ದನೆಯ ಒಲೆಯೊಂದನ್ನು ಜೋಡಿಸಿ, ಅದರಲ್ಲಿ ಇದ್ದಿಲನ್ನು ಅರೆಗಾಳಿಯಲ್ಲಿ ಉರಿಸಿ, ಬರುವ ಇಂಗಾಲದ ಮಾನಾಕ್ಸೈಡ್ ಅನಿಲವನ್ನು ಸೋಸಿ ಎಂಜಿನ್ನಿಗೆ ಬಿಡುತ್ತಿದ್ದರು. ಮಧುರೆಯ ಟಿ.ವಿ.ಎಸ್. ಸಂಸ್ಥೆ ಇಂತಹ ಅನಿಲ ಯಂತ್ರಗಳನ್ನು ತಯಾರಿಸಿ ಹೆಸರು ಮಾಡಿತು. ಬೆಳಿಗ್ಗೆ ಬಸ್ಸು ಹೊರಡುವ ಎಷ್ಟೋ ಮುಂಚೆ ಕ್ಲೀನರ್ ಬಂದು ಒಲೆ ಹೊತ್ತಿಸಿ ಗಾಳಿಚಕ್ರ ತಿರುಗಿಸಬೇಕಿತ್ತು. ಈ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಉರಿಯದ ಸಾರಜನಕ. ಹಾಗಾಗಿ ಪೆಟ್ರೋಲಿಗೆ ಹೋಲಿಸಿದರೆ ಎಂಜಿನ್ನಿನ ಶಕ್ತಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಕುಗ್ಗುತ್ತಿತ್ತು. ಬಯಲಿನಲ್ಲಿ ಹೇಗೋ ನಡೆಯುತ್ತಿತ್ತು. ದಿನ್ನೆ ಬಂತೆಂದರೆ ಪ್ರಯಾಣಿಕರು ಇಳಿಯಬೇಕು, ಕೆಲವೊಮ್ಮೆ ನೂಕಲೂ ಬೇಕು. ಟಿಕೆಟಿನ ದುಡ್ಡು ಕೊಟ್ಟು ಬಸ್ಸನ್ನು ತಾವೇ ನೂಕಿದ ಕತೆಯನ್ನು ಹಿರಿಯರು ನಗುತ್ತ ಹೇಳುತ್ತಿದ್ದರು.

ಆದರೆ ಆ ಬಸ್ಸುಗಳು ನಮ್ಮ ಮೆಕ್ಯಾನಿಕರಿಗೆ ಕಲಿಸಿದ್ದು ಅಪಾರ. ಇದ್ದಿಲು ಹಸಿಯಾಗಿದೆಯೇ, ಸೋಸುಕ ಬೂದಿಯಿಂದ ಕಟ್ಟಿದೆಯೇ, ಕೊಳವೆಯ ಕೀಲಿನಲ್ಲಿ ಹೊರಗಿನ ಗಾಳಿ ಸೇರುತ್ತಿದೆಯೇ, ಅನಿಲ ನಿಧಾನವಾಗಿ ಉರಿಯುವುದರಿಂದ ಕಿಡಿಯನ್ನು ಸ್ವಲ್ಪ ಮುಂಚಿತವಾಗಿ ಹಾರಿಸಿದೆಯೇ, ಹೀಗೆ ಒಂದೊಂದನ್ನೇ ಕ್ರಮವಾಗಿ ನೋಡುತ್ತ ಹೋಗಬೇಕಿತ್ತು. ಪೆಟ್ರೋಲ್ ಮರಳಿ ಬಂದು ಒಲೆಗಳು ಗುಜರಿ ಸೇರಿದ ಮೇಲೂ ಈ ಕ್ರಮದ ಬೆಲೆ ಕಡಿಮೆಯಾಗಲಿಲ್ಲ.

ಒದ್ದೆ ಬಟ್ಟೆಯ ವೈದ್ಯ

ಅಂಬಾಸಿಡರ್ ಮತ್ತು ಫಿಯೆಟ್ ಕಾರುಗಳ ದಶಕಗಳಲ್ಲಿ ಬೇಸಿಗೆಯ ಏರಿನಲ್ಲಿ ಒಂದು ದೃಶ್ಯ ಸಾಮಾನ್ಯವಾಗಿತ್ತು: ರಸ್ತೆಯ ಪಕ್ಕ ಬಾನೆಟ್ ತೆರೆದು ನಿಂತ ಕಾರು, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿರುವ ಚಾಲಕ. ಏರಿನಲ್ಲಿ ಎಂಜಿನ್ ಹೆಚ್ಚು ದುಡಿದು ಕಾಯುತ್ತದೆ. ವೇಗ ಕಡಿಮೆಯಾದ್ದರಿಂದ ತಂಪು ಗಾಳಿ ಸಾಲದು. ಕೊಳವೆಯಲ್ಲಿಯೇ ಪೆಟ್ರೋಲ್ ಆವಿಯಾಗುತ್ತದೆ. ದ್ರವವನ್ನು ನೂಕಬಲ್ಲ ಪಂಪು ಆವಿಯನ್ನು ನೂಕಲಾರದು. ತಣಿದ ಮೇಲೆ ಎಲ್ಲ ಸರಿಯಾಗುತ್ತದೆ. ಬಟ್ಟೆ ತಾತ್ಕಾಲಿಕ ಪರಿಹಾರ. ಬಿಸಿ ಕೊಳವೆಗಳಿಂದ ಇಂಧನದ ಕೊಳವೆಯನ್ನು ದೂರ ಸರಿಸುವುದು ಶಾಶ್ವತ ಪರಿಹಾರ. ಟ್ಯಾಂಕಿನೊಳಗೇ ಪಂಪ್ ಇಟ್ಟು ಒತ್ತಡದಲ್ಲಿ ಪೆಟ್ರೋಲ್ ಕಳಿಸುವ ಈಗಿನ ಕಾರುಗಳಲ್ಲಿ ಈ ತೊಂದರೆ ಬಹಳ ವಿರಳ.

ಒಳ್ಳೆಯ ಮೆಕ್ಯಾನಿಕ್ ಸ್ಪಾನರ್ ಹಿಡಿಯುವ ಮೊದಲು ಪ್ರಶ್ನೆ ಕೇಳುತ್ತಾನೆ. ಎಂಜಿನ್ನಿನ ಸದ್ದು ಏರುತ್ತಿದ್ದರೂ ಕಾರಿನ ವೇಗ ಏರುವುದಿಲ್ಲವೇ? ಹಾಗಿದ್ದರೆ ಕ್ಲಚ್ ಜಾರುತ್ತಿದೆ, ಎಂಜಿನ್ ನಿರಪರಾಧಿ. ಎಂಜಿನ್ ಎಳೆದೆಳೆದು ತಡವರಿಸುತ್ತದೆಯೇ? ಇಂಧನ ಅಥವಾ ಕಿಡಿಯ ಕಡೆ ನೋಡಬೇಕು: ಫಿಲ್ಟರ್, ಪಂಪು, ಪ್ಲಗ್ಗು. ತಡವರಿಸದೆ, ಕಂಬಳಿ ಹೊದ್ದಂತೆ ಮಂಕಾಗಿ ಸೋಲುತ್ತದೆಯೇ? ಉಸಿರಾಟದ ತೊಂದರೆ ಇರಬೇಕು: ಧೂಳು ತುಂಬಿದ ಏರ್ ಫಿಲ್ಟರ್, ಕಟ್ಟಿಕೊಂಡ ಸೈಲೆನ್ಸರ್, ತಪ್ಪಿದ ಟೈಮಿಂಗ್, ಇಲ್ಲವೇ ಸವೆದು ಒತ್ತಡ ಕಳೆದುಕೊಂಡ ಸಿಲಿಂಡರ್. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ.

ಕಾಸು ಖರ್ಚಿಲ್ಲದ ಪರೀಕ್ಷೆಗಳೂ ಇವೆ. ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿ ಜೋರಾಗಿ ಒಳನುಗ್ಗಿ, ಆಮೇಲೆ ಕಾರು ಸರಿಯಾಗಿ ಓಡಿದರೆ, ಮುಚ್ಚಳದ ಅಥವಾ ಟ್ಯಾಂಕಿನ ಗಾಳಿದಾರಿ ಕಟ್ಟಿದೆ ಎಂದರ್ಥ. ಓಡಿ ಬಂದ ಮೇಲೆ ಒಂದೇ ಚಕ್ರ ಹೆಚ್ಚು ಬಿಸಿಯಾಗಿದ್ದರೆ ಅದರ ಬ್ರೇಕು ಹಿಡಿದುಕೊಂಡಿದೆ. ಆ ಕಾರು ಬಯಲಿನಲ್ಲಿಯೂ ಏರು ಹತ್ತುತ್ತಿರುತ್ತದೆ. ಅಗ್ಗದ ಕಾರಣಗಳನ್ನು ಮೊದಲು ನೋಡಿ, ದುಬಾರಿ ಕಾರಣಗಳಿಗೆ ಕೊನೆಯಲ್ಲಿ ಬರುವುದೇ ಈ ವಿದ್ಯೆಯ ಸಾರ. ಕ್ರಮ ತಪ್ಪಿದರೆ ಕೆಲವು ನೂರು ರೂಪಾಯಿಯ ಫಿಲ್ಟರಿನ ತಪ್ಪಿಗೆ ಎಂಜಿನ್ನೇ ಬಿಚ್ಚಿಸಿಕೊಳ್ಳುತ್ತದೆ.

ಕಂಪ್ಯೂಟರ್ ಬಂದ ಮೇಲೆ

1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ವೇಗವರ್ಧಕ ಪರಿವರ್ತಕ, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಕಡ್ಡಾಯವಾಯಿತು. ಮಾಲಿನ್ಯದ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರ್ ಮರೆಯಾಗಿ, ಕಂಪ್ಯೂಟರ್ ಅಳೆದು ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ ಬಂತು. ಹಳೆಯ ಕೆಲವು ರೋಗಗಳು ಹೋದವು, ಹೊಸವು ಬಂದವು. ಒಳಗೆ ಕರಗಿ ಕಟ್ಟಿಕೊಂಡ ಪರಿವರ್ತಕ ಹೊಗೆಯ ದಾರಿಯನ್ನೇ ಮುಚ್ಚುತ್ತದೆ. ಡೀಸೆಲ್ ಕಾರಿನಲ್ಲಿ ಟರ್ಬೊದ ಕೊಳವೆ ಬಿರುಕು ಬಿಟ್ಟರೆ ಬಯಲಿನಲ್ಲಿ ಗೊತ್ತಾಗದ ಸೋರಿಕೆ ಏರಿನಲ್ಲಿ ಶಿಳ್ಳೆ ಹಾಕುತ್ತದೆ. ದೋಷ ಕಂಡ ಕಂಪ್ಯೂಟರ್, ಎಂಜಿನ್ನಿಗೆ ಹಾನಿಯಾಗದಿರಲೆಂದು ತಾನಾಗಿಯೇ ಶಕ್ತಿಯನ್ನು ತಗ್ಗಿಸುವುದೂ ಉಂಟು.

ಈ ಕಾರುಗಳು ತಮ್ಮ ದೋಷವನ್ನು ಸಂಕೇತದ ಅಂಕಿಗಳಲ್ಲಿ ತಾವೇ ಬರೆದಿಟ್ಟುಕೊಳ್ಳುತ್ತವೆ. ಸ್ಕ್ಯಾನರ್ ಎಂಬ ಕೈಯಂತ್ರ ಅದನ್ನು ಓದುತ್ತದೆ. ಇದರಿಂದ ಬಹಳ ಉಪಕಾರವಾಗಿದೆ. ಆದರೆ ಯಂತ್ರ ಹೇಳುವುದು ರೋಗದ ಹೆಸರನ್ನಲ್ಲ, ಲಕ್ಷಣವನ್ನು. ‘ಮಿಶ್ರಣದಲ್ಲಿ ಇಂಧನ ಕಡಿಮೆ’ ಎಂದು ಅದು ತೋರಿಸಿದರೆ ಕಾರಣ ಪಂಪಿರಬಹುದು, ಫಿಲ್ಟರಿರಬಹುದು, ಗಾಳಿ ಸೋರುವ ಕೊಳವೆಯೂ ಇರಬಹುದು. ಸಂಕೇತ ಕಂಡ ಕೂಡಲೇ ಬಿಡಿಭಾಗ ಬದಲಿಸುವವನಿಗೂ, ಕಾರಣ ಹುಡುಕುವವನಿಗೂ ಇರುವ ಅಂತರ ಇದ್ದಿಲು ಬಸ್ಸಿನ ಕಾಲದಲ್ಲಿ ಎಷ್ಟಿತ್ತೋ ಅಷ್ಟೇ ಈಗಲೂ ಇದೆ. ಆ ಅಂತರದ ಬೆಲೆ ತೆರುವವರು ಮಾಲೀಕರು.

ಆದ್ದರಿಂದ ಬಯಲು ಸೀಮೆಯ ಕಾರುಳ್ಳವರಿಗೆ ಎರಡು ಮಾತು. ಮೊದಲನೆಯದು, ಬೆಟ್ಟದ ಯಾತ್ರೆಗೆ ಹೊರಡುವ ಒಂದು ವಾರ ಮೊದಲೇ ಗಾಡಿಯನ್ನು ಪರೀಕ್ಷಿಸುವುದು. ರಾಯಚೂರಿನ ಸುತ್ತ ಘಾಟ್ ಇಲ್ಲದಿದ್ದರೂ, ತುಂಬಿದ ಕಾರು ವಾಹನ ಸಂಚಾರವಿಲ್ಲದ ಹೊತ್ತಿನಲ್ಲಿ ಮೇಲ್ಸೇತುವೆಯ ಏರನ್ನು ಹೇಗೆ ಹತ್ತುತ್ತದೆ ಎಂದು ಗಮನಿಸಿದರೆ ಅನೇಕ ಗುಟ್ಟುಗಳು ಹೊರಬೀಳುತ್ತವೆ. ಎರಡನೆಯದು, ಗ್ಯಾರೇಜಿಗೆ ಹೋದಾಗ ‘ಪಿಕಪ್ ಇಲ್ಲ’ ಎಂದಷ್ಟೇ ಹೇಳದೆ, ಯಾವ ಗೇರಿನಲ್ಲಿ, ಎಷ್ಟು ದೂರ ಹತ್ತಿದ ಮೇಲೆ, ಕಾದಾಗಲೋ ತಣ್ಣಗಿದ್ದಾಗಲೋ, ತಡವರಿಸಿಯೋ ಮಂಕಾಗಿಯೋ ಎಂದು ವಿವರವಾಗಿ ಹೇಳುವುದು. ಅರ್ಧ ರೋಗನಿದಾನ ಅಲ್ಲಿಯೇ ಮುಗಿಯುತ್ತದೆ.

ಒಂದು ವೇಳೆ ಏರಿನಲ್ಲಿಯೇ ಕಾರು ನಿಂತರೆ, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ತಣಿಯುವವರೆಗೆ ಕಾಯುವುದೇ ಲೇಸು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಪಕ್ಕಕ್ಕೆ ಹಾಕಲು ಮರೆಯಬಾರದು. ಹಿಂದೆ ಬರುವವರೂ ಅದೇ ಏರನ್ನು ಹತ್ತಬೇಕಲ್ಲವೇ?